ಗೋಲ್ಡ್‌ವಿಂಗ್ ಹಿಂದೆ ಟೆಂಟ್ ಟ್ರೈಲರ್: ಎಲೆಕ್ಟ್ರಿಕ್ ಬ್ರೇಕ್‌ಗೆ ವೈರ್ ಎಲ್ಲಿಂದ ಎಳೀಬೇಕು?

ಪ್ಲೇನೋ_ಸವಾರ:

ಎಲ್ರಿಗೂ ನಮಸ್ಕಾರ. ನಾನಿರೋದು ಡಲ್ಲಾಸ್ ಪಕ್ಕ ಪ್ಲೇನೋದಲ್ಲಿ, ಗಾಡಿ 2012ರ ಹೋಂಡಾ ಗೋಲ್ಡ್‌ವಿಂಗ್ ಜಿಎಲ್ 1800. ಬೈಕ್ ಹಿಂದೆ ಎಳ್ಕೊಂಡು ಹೋಗೋ ಟೆಂಟ್ ಟ್ರೈಲರ್ ಒಂದನ್ನ ಸೆಕೆಂಡ್‌ಹ್ಯಾಂಡ್ ತಗೊಂಡಿದೀನಿ, ಸಾಮಾನೆಲ್ಲ ತುಂಬಿ ತೂಕ ಹಾಕ್ಸಿದ್ರೆ 560 ಪೌಂಡ್ ಬಂತು. ಜೂನ್‌ನಲ್ಲಿ ನಾನೂ ನನ್ನ ಹೆಂಡ್ತಿನೂ ಅಮರಿಲ್ಲೋ, ಡಲ್‌ಹಾರ್ಟ್, ಕ್ಲೇಟನ್ ಮೇಲೆ ಹೋಗಿ ರಟೋನ್ ಘಾಟಿ ದಾಟಿ ಕೊಲರಾಡೋ ಕಡೆ ಹೋಗ್ಬೇಕು ಅಂತಿದೀವಿ. ಟೆಕ್ಸಾಸ್ ಬಯಲಲ್ಲಿ ಚಿಂತೆ ಇಲ್ಲ, ಆದ್ರೆ ಘಾಟಿ ಇಳಿಯುವಾಗ ಇಷ್ಟೂ ತೂಕ ಬೈಕಿನ ಬ್ರೇಕ್ ಮೇಲೇ ಬೀಳುತ್ತಲ್ಲ ಅನ್ನೋದು ತಲೇಲಿ ಕೂತಿದೆ.

ಟ್ರೈಲರ್ ಚಕ್ರದಲ್ಲಿ ಆಗ್ಲೇ 7 ಇಂಚಿನ ಎಲೆಕ್ಟ್ರಿಕ್ ಡ್ರಮ್ ಬ್ರೇಕ್ ಇದೆ, ಮುಂದೆ 6 ಪಿನ್ನಿನ ರೌಂಡ್ ಪ್ಲಗ್ ಇದೆ, ಬ್ರೇಕ್‌ಅವೇ ಸ್ವಿಚ್ಚೂ (ಟ್ರೈಲರ್ ಕಳಚ್ಕೊಂಡ್ರೆ ಅದರ ಪಿನ್ ಎಳೆದು ಬ್ರೇಕ್ ತಾನೇ ಹಿಡಿಯೋ ಹಾಗೆ ಮಾಡೋದು) ಅದರ ಪುಟ್ಟ ಬ್ಯಾಟರಿನೂ ಇದೆ. ಹಳೇ ಓನರ್ ಇದನ್ನ ಕಾರಿಗೆ ಕಟ್ಟಿ ಎಳೀತಿದ್ರಂತೆ, ಹಾಗಾಗಿ ಟ್ರೈಲರ್ ಬ್ರೇಕಿಗೆ ಎಷ್ಟು ಕರೆಂಟ್ ಹೋಗ್ಬೇಕು ಅಂತ ನೋಡ್ಕೊಳ್ಳೋ ಕಂಟ್ರೋಲರ್ ಅವ್ರ ಕಾರಲ್ಲೇ ಉಳೀತು. ನನ್ನ ಬೈಕಲ್ಲಿ ಇರೋದು ಹಿಚ್ (ಟ್ರೈಲರ್ ಸಿಕ್ಕಿಸೋ ಕೊಂಡಿ) ಮತ್ತೆ ಲೈಟಿಗೆ 5 ವೈರ್, ಅಷ್ಟೇ.

ಕೇಳ್ಬೇಕಾಗಿರೋದು ಇಷ್ಟು. ಕಂಟ್ರೋಲರ್ ಬೈಕಲ್ಲಿ ಎಲ್ಲಿ ಕೂರಿಸ್ತೀರಿ? ಬ್ರೇಕ್ ಸಿಗ್ನಲ್ ಯಾವ ವೈರಿಂದ ತಗೋಬೇಕು? ಬೈಕಿನ ಆಲ್ಟರ್ನೇಟರ್ ಇದನ್ನ ತಡ್ಕೊಳ್ಳುತ್ತಾ? ಆ ಹಳೇ ಪ್ಲಗ್ ನಂಬಿ ಹಾಗೇ ಜೋಡಿಸ್ಬಹುದಾ? ಹತ್ರದ ವರ್ಕ್‌ಶಾಪಲ್ಲಿ ಕೇಳಿದ್ರೆ ಬೈಕ್ ಅಂದ ತಕ್ಷಣ ನಾವು ಮುಟ್ಟಲ್ಲ ಅಂದ್ಬಿಟ್ರು.


ಹಾಸನ_ಹೈವೇ:

ಗುರು, ವೈರಿಂಗ್ ಶುರು ಮಾಡೋ ಮುಂಚೆ ಒಂದು ಮಾತು. ಗೋಲ್ಡ್‌ವಿಂಗ್ ಮ್ಯಾನ್ಯುವಲ್ ತೆಗೆದು ನೋಡಿ, ಟ್ರೈಲರ್ ಎಳೀಬೇಡಿ, ಸೈಡ್‌ಕಾರ್ ಕಟ್ಬೇಡಿ ಅಂತ ಹೋಂಡಾದವ್ರೇ ಬರ್ದಿದಾರೆ. ಆದ್ರೂ ಅಮೆರಿಕದಲ್ಲಿ ಸಾವಿರಾರು ಜನ ಎಳೀತಾರೆ, ನಾನೂ ಎಳೀತೀನಿ, ಅದು ಬೇರೆ. ಕಾನೂನು ನೋಡಿದ್ರೆ ಟೆಕ್ಸಾಸಲ್ಲಿ ಟ್ರೈಲರ್ ತೂಕ 4,500 ಪೌಂಡ್ ದಾಟಿದ್ಮೇಲೆ ಬ್ರೇಕ್ ಕಡ್ಡಾಯ, ಕೊಲರಾಡೋದಲ್ಲಿ 3,000. ನಿಮ್ಮದು 560, ಯಾವ ಪೊಲೀಸೂ ಬ್ರೇಕ್ ಎಲ್ಲಿ ಅಂತ ಕೇಳಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ ಮೊದ್ಲು ತೂಕ ಇಳಿಸಿ. ಆ ಗಾಡಿನೇ ಸುಮಾರು 900 ಪೌಂಡ್, ನೀವಿಬ್ರು ಮತ್ತೆ ಬ್ಯಾಗು ಸೇರಿ ಇನ್ನೊಂದು 400 ಅಂದ್ಕೊಳ್ಳಿ, 1,300 ಆಯ್ತು. ಅದಕ್ಕೆ 560 ಸೇರ್ಸಿದ್ರೆ ಎರಡು ಟೈರು ನಿಲ್ಲಿಸ್ಬೇಕಾದ ತೂಕ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಏರುತ್ತೆ. ಕೂಲರ್, ಕಬ್ಬಿಣದ ಕುರ್ಚಿ, ದೊಡ್ಡ ಸ್ಟೌವ್, ಇದೆಲ್ಲ ಬಿಟ್ಟು ಹೊರಟ್ರೆ 100 ಪೌಂಡ್ ಆರಾಮಾಗಿ ಇಳಿಯುತ್ತೆ. ಘಾಟಿ ಇಳಿಯುವಾಗ ಐದನೇ ಗೇರಲ್ಲಿ ಇರ್ಬೇಡಿ, ಅದು ಓವರ್‌ಡ್ರೈವ್, ಇಂಜಿನ್ ಹಿಡ್ಕೊಳ್ಳಲ್ಲ. ಇಳಿಜಾರು ಶುರುವಾಗೋ ಮುಂಚೆನೇ ಮೂರಕ್ಕೆ ಬನ್ನಿ. ತಪ್ಪಾಗಿ ಹೊಂದಿಸಿದ ಟ್ರೈಲರ್ ಬ್ರೇಕ್ ಇರೋದಕ್ಕಿಂತ ಬ್ರೇಕ್ ಇಲ್ದೇ ಇರೋದೇ ಮೇಲು ಅಂತ ನಾನು ಖಂಡಿತ ಹೇಳ್ತೀನಿ. ಲೀನ್ ಆಗಿ ತಿರುವಲ್ಲಿದ್ದಾಗ ಟ್ರೈಲರ್ ಚಕ್ರ ಲಾಕ್ ಆಯ್ತು ಅಂದ್ರೆ ಅದು ಪಕ್ಕಕ್ಕೆ ಜಾರಿ ಬೈಕಿನ ಹಿಂಭಾಗನ ಎಳ್ಕೊಂಡು ಹೋಗುತ್ತೆ, ಕಾರಾದ್ರೆ ನಾಲ್ಕು ಚಕ್ರದ ಮೇಲೆ ನಿಂತಿರುತ್ತೆ, ನಮಗೆ ಆ ಸೌಕರ್ಯ ಇಲ್ಲ.


ಹುಬ್ಬಳ್ಳಿ_ವೈರಿಂಗ್:

ಹಾಸನದವ್ರು ತೂಕದ ಬಗ್ಗೆ ಹೇಳಿದ್ದು ಖರೇ ಐತಿ, ಆದ್ರ ಬ್ರೇಕ್ ಇಲ್ದಿದ್ರೂ ನಡೀತೈತಿ ಅನ್ನೂದು ನಾ ಒಪ್ಪಂಗಿಲ್ರಿ. ಬ್ರೇಕ್ ಆಗ್ಲೇ ಚಕ್ರದಾಗ ಕುಂತಾವ, ಇರೂದನ್ನ ಸರಿ ಮಾಡ್ಕೊಳ್ಳೂದು ಶಾಣ್ಯಾತನ. ನಾನು ಹ್ಯೂಸ್ಟನ್‌ದಾಗ ಟ್ರೈಲರ್ ರಿಪೇರಿ ಕೆಲಸದಾಗ ಅದೀನಿ, ಅದಕ್ಕ ಮೊದಲು ಊರಾಗ ಆಟೋ ಎಲೆಕ್ಟ್ರಿಕಲ್ ಅಂಗಡಿ ಇತ್ತು. ಒಂದೊಂದ ಹೇಳ್ತೀನಿ.

ಕರೆಂಟ್ ಲೆಕ್ಕ ಮೊದಲು. 7 ಇಂಚಿನ ಬ್ರೇಕ್ ಒಳಗಿನ ಮ್ಯಾಗ್ನೆಟ್ (ಕರೆಂಟ್ ಬಂದಾಗ ಡ್ರಮ್ಮಿಗೆ ಅಂಟಿ ಬ್ರೇಕ್ ಹಿಡಿಸೂದು) ಒಂದಕ್ಕ ಎರಡೂವರೆಯಿಂದ ಮೂರು ಆಂಪ್ ಬೇಕು, ಎರಡು ಚಕ್ರಕ್ಕ ಹೆಚ್ಚಂದ್ರ ಆರು. ಅದೂ ಬ್ರೇಕ್ ಒತ್ತಿದಾಗ ಅಷ್ಟ. ನಿಮ್ಮ ಜಿಎಲ್ 1800 ಆಲ್ಟರ್ನೇಟರ್ ಸಾವಿರ ವ್ಯಾಟಿಗಿಂತ ಹೆಚ್ಚು ಕೊಡ್ತೈತಿ, ಈ ಎಪ್ಪತ್ತು ಚಿಲ್ಲರ ವ್ಯಾಟ್ ಅದಕ್ಕ ಲೆಕ್ಕಕ್ಕಿಲ್ಲ. ತೊಂದ್ರಿ ಇರೂದು ಆಲ್ಟರ್ನೇಟರ್‌ದಾಗ ಅಲ್ಲ, ವೈರ್‌ದಾಗ.

ಕಂಟ್ರೋಲರ್‌ಗೆ ನಾಲ್ಕು ವೈರ್ ಇರ್ತಾವ. ಕಪ್ಪು ಬ್ಯಾಟರಿ ಪ್ಲಸ್, ಬಿಳಿ ಅರ್ಥ್, ಕೆಂಪು ಬ್ರೇಕ್ ಲೈಟ್ ಸಿಗ್ನಲ್, ನೀಲಿ ಟ್ರೈಲರ್ ಮ್ಯಾಗ್ನೆಟ್ಟಿಗೆ ಹೋಗೂದು. ಕಪ್ಪು ಮತ್ತ ಬಿಳಿ ಎರಡನ್ನೂ ಸೀದಾ ಬ್ಯಾಟರಿಗೇ ತಗೊಂಡು ಹೋಗ್ರಿ, ಸೈಡ್ ಕವರ್ ತೆಗೆದ್ರ ಬ್ಯಾಟರಿ ಸಿಗ್ತೈತಿ. ಆಕ್ಸೆಸರಿ ಪಾಯಿಂಟ್‌ನಿಂದ ತಗೋಬ್ಯಾಡ್ರಿ, ಅರ್ಥ್ ಸಲುವಾಗಿ ಫ್ರೇಮಿನ ಬೋಲ್ಟ್ ಹುಡುಕಬ್ಯಾಡ್ರಿ. ಕಪ್ಪು ವೈರಿಗೆ ಬ್ಯಾಟರಿ ಹತ್ರನ 20 ಆಂಪಿನ ಸರ್ಕ್ಯೂಟ್ ಬ್ರೇಕರ್ ಹಾಕ್ರಿ, ತಾನ ರೀಸೆಟ್ ಆಗೂ ಅಂಥಾದ್ದು. ಗ್ಲಾಸ್ ಫ್ಯೂಸ್ ಹಾಕಿದ್ರ ಘಾಟಿ ನಡುವ ಅದು ಹೋದ್ರ ನಿಮಗ ಗೊತ್ತ ಆಗಂಗಿಲ್ಲ.

ವೈರ್ ದಪ್ಪ ಭಾಳ ಮುಖ್ಯ. ಬ್ಯಾಟರಿಯಿಂದ ಟ್ರೈಲರ್ ಆಕ್ಸಲ್ ತನಕ 20 ಅಡಿ ಅಂತ ಹಿಡೀರಿ, ಹೋಗಿ ಬರೂದು 40 ಅಡಿ. 16 ಗೇಜ್ ವೈರಿನಾಗ ಆರು ಆಂಪ್ ಹರಿದ್ರ ಹತ್ತತ್ರ ಒಂದು ವೋಲ್ಟ್ ದಾರ್ಯಾಗ ಕಳೀತೈತಿ, ಅದಕ್ಕಿಂತ ದಪ್ಪನ 12 ಗೇಜ್ ಹಾಕಿದ್ರ 0.4 ವೋಲ್ಟ್ ಒಳಗ ಮುಗೀತೈತಿ. ಮ್ಯಾಗ್ನೆಟ್ ಎಷ್ಟು ಗಟ್ಟಿ ಹಿಡೀತೈತಿ ಅನ್ನೂದು ಕರೆಂಟ್ ಮ್ಯಾಲೆ ಐತಿ, ಹಂಗಾಗಿ ನೀಲಿ ಮತ್ತ ಬಿಳಿ ಎರಡೂ 12 ಗೇಜ್ ಹಾಕ್ರಿ. ನೀಲಿ ಒಂದ ದಪ್ಪ ಹಾಕಿ ಬಿಳಿ ಸಣ್ಣದು ಬಿಟ್ರ ಉಪಯೋಗ ಇಲ್ಲ, ಹೋದ ಕರೆಂಟ್ ವಾಪಸ್ ಬರೂದು ಅದರಾಗನ.

ಟ್ರೈಲರ್ ಅರ್ಥ್ ಹಿಚ್ ಬಾಲ್ (ಟ್ರೈಲರ್ ಮೂತಿ ಕೂಡೂ ಗುಂಡು) ಮೂಲಕ ಆಗ್ತೈತಿ ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ. ಬಾಲ್‌ಗೆ ಗ್ರೀಸ್ ಹಚ್ಚಿರ್ತೀರಿ, ಬೈಕ್ ವಾಲಿದಂಗ ಅದು ತಿರುಗ್ತೈತಿ, ಒಮ್ಮೆ ಮುಟ್ತೈತಿ ಒಮ್ಮೆ ಬಿಡ್ತೈತಿ.

ಈಗ ಕೆಂಪು ವೈರ್. ಇಲ್ಲೇ ಹೆಚ್ಚಿನವ್ರು ಗೋಜಲು ಮಾಡ್ಕೋತಾರ. ಹೋಂಡಾ ಬೈಕಿನ್ಯಾಗ ಸ್ಟಾಪ್ ಲೈಟ್ ವೈರ್ ಹಸಿರು ಮ್ಯಾಲೆ ಹಳದಿ ಗೆರಿ ಇರ್ತೈತಿ. ಬರೇ ಹಸಿರು ಅಂದ್ರ ಹೋಂಡಾದಾಗ ಅರ್ಥ್. ಆದ್ರ ಟ್ರೈಲರ್‌ದಾಗ ಹಸಿರು ಅಂದ್ರ ಬಲಗಡೆ ಇಂಡಿಕೇಟರ್ ಮತ್ತ ಬ್ರೇಕ್ ಲೈಟ್, ಹಳದಿ ಅಂದ್ರ ಎಡಗಡೆದು, ಕಂದು ಟೇಲ್ ಲೈಟ್. ಬಣ್ಣ ನೋಡಿ ಹಸಿರಿಗೆ ಹಸಿರು ಜೋಡಿಸಿದ್ರ ಬಲಗಡೆ ಇಂಡಿಕೇಟರ್ ಹಾಕಿದ ಕೂಡ್ಲೇ ಶಾರ್ಟ್. ಟೆಸ್ಟ್ ಲ್ಯಾಂಪ್ ಹಿಡ್ದು ನೋಡ್ರಿ, ಮುಂದಿನ ಲಿವರ್ ಒತ್ತಿದ್ರೂ ಹಿಂದಿನ ಪೆಡಲ್ ಒತ್ತಿದ್ರೂ ಯಾವ ವೈರ್‌ದಾಗ ಕರೆಂಟ್ ಬರ್ತೈತಿ, ಬಿಟ್ರ ಹೋಗ್ತೈತಿ, ಅದ ನಿಮ್ಮ ವೈರ್.

ಗೋಲ್ಡ್‌ವಿಂಗ್‌ದಾಗ ಬ್ರೇಕ್ ಲೈಟ್ ಬೇರೆ, ಇಂಡಿಕೇಟರ್ ಬೇರೆ ವೈರ್. ಟ್ರೈಲರ್‌ದಾಗ ಎರಡೂ ಒಂದ ಬಲ್ಬ್, ಅದಕ್ಕ ನಡುವ ಕನ್ವರ್ಟರ್ ಡಬ್ಬಿ ಇರ್ತೈತಿ. ಕೆಂಪು ವೈರನ್ನ ಕನ್ವರ್ಟರ್‌ಗಿಂತ ಮುಂಚೆನ ತಗೋರಿ. ದಾಟಿದ ಮ್ಯಾಲೆ ಹಳದಿಗೋ ಹಸಿರಿಗೋ ಜೋಡಿಸಿದ್ರ ಇಂಡಿಕೇಟರ್ ಮಿನುಗಿದಂಗೆಲ್ಲ ಟ್ರೈಲರ್ ಬ್ರೇಕ್ ಹಿಡ್ದು ಬಿಟ್ಟು ಹಿಡ್ದು ಬಿಟ್ಟು ಮಾಡ್ತೈತಿ. ಬ್ರೇಕ್ ಲೈಟ್ ಪಟಪಟ ಮಿನುಗೂ ಮಾಡ್ಯುಲೇಟರ್ ಏನರ ಹಾಕ್ಸಿದ್ರ ಅದಕ್ಕಿಂತಲೂ ಮುಂಚೆ.


ಉಡುಪಿ_ಪೆನ್ಸಿಲ್ವೇನಿಯಾ:

ಹುಬ್ಬಳ್ಳಿಯವರು ಬರೆದದ್ದು ಒಂದೂ ಬಿಡ್ಲಿಕ್ಕಿಲ್ಲ, ಆದ್ರೆ ಕಂಟ್ರೋಲರ್ ಯಾವ ನಮೂನೆಯದ್ದು ಅಂತ ಹೇಳ್ಲಿಲ್ಲ ಮಾರಾಯ್ರೆ, ಬೈಕಿಗೆ ಅದೇ ದೊಡ್ಡ ಪ್ರಶ್ನೆ ಅಲ್ವಾ.

ಕಂಟ್ರೋಲರ್ ಎರಡು ಜಾತಿ ಉಂಟು. ಒಂದು ಟೈಮ್ ಡಿಲೇ, ಬ್ರೇಕ್ ಒತ್ತಿದ ಕೂಡ್ಲೇ ನೀವು ಇಟ್ಟ ಮಟ್ಟಕ್ಕೆ ಮೆಲ್ಲ ಏರ್ತದೆ, ನೀವು ಜೋರಾಗಿ ಒತ್ತಿದ್ರೂ ಮೆಲ್ಲ ಒತ್ತಿದ್ರೂ ಅದಕ್ಕೆ ಒಂದೇ. ಇನ್ನೊಂದು ಪ್ರೊಪೋರ್ಷನಲ್, ಒಳಗೆ ಪೆಂಡ್ಯುಲಮ್ಮೋ ಸೆನ್ಸರೋ ಇದ್ದು ಗಾಡಿ ಎಷ್ಟು ಜೋರಾಗಿ ನಿಧಾನ ಆಗ್ತಾ ಉಂಟು ಅಂತ ನೋಡಿ ಅಷ್ಟೇ ಕರೆಂಟ್ ಕೊಡ್ತದೆ. ಕಾರಿಗೆ ಎರಡನೆಯದ್ದೇ ಒಳ್ಳೇದು, ಅದರಲ್ಲಿ ಮಾತಿಲ್ಲ. ಆದ್ರೆ ಅದನ್ನು ಅಡ್ಡಕ್ಕೆ ಮಟ್ಟವಾಗಿ ಕೂರಿಸ್ಬೇಕು ಅಂತ ಮಾಡಿದವರೇ ಹೇಳ್ತಾರೆ, ಬೈಕು ಇರುದೇ ವಾಲ್ಲಿಕ್ಕೆ. ತಿರುವಿನಲ್ಲಿ ಬ್ರೇಕ್ ಮುಟ್ಟಿದಾಗ ಅದು ಏನು ಓದ್ತದೆ ಅಂತ ನಂಬ್ಲಿಕ್ಕೆ ಆಗುದಿಲ್ಲ. ಮತ್ತೆ ಇವೆಲ್ಲ ಡ್ಯಾಶ್‌ಬೋರ್ಡ್ ಕೆಳಗೆ ಒಣ ಜಾಗದಲ್ಲಿ ಇರ್ಲಿಕ್ಕೆ ಮಾಡಿದ್ದು, ಮಳೆಗಲ್ಲ.

ವಾಲದೆ ಇರುವುದು ಯಾವುದು? ಟ್ರೈಲರ್. ಅದಕ್ಕೆ ಎರಡು ಚಕ್ರ ಅಕ್ಕಪಕ್ಕ ಉಂಟು, ಬೈಕು ಎಷ್ಟು ವಾಲಿದ್ರೂ ಅದು ನೆಟ್ಟಗೆ ಇರ್ತದೆ. ಹಾಗಾಗಿ ಟ್ರೈಲರ್ ಮೇಲೆಯೇ ಕೂರುವ ಕಂಟ್ರೋಲರ್ ತಗೊಳ್ಳಿ. ಟೆಕೋನ್ಶಾದವರ ಪ್ರಾಡಿಜಿ ಆರ್‌ಎಫ್ ಅಂತ ಉಂಟು, ಡಬ್ಬಿ ಟ್ರೈಲರ್ ಮೂತಿಯ ಮೇಲೆ, ಕೈಯಲ್ಲಿ ಚಿಕ್ಕ ರಿಮೋಟ್, ನಡುವೆ ರೇಡಿಯೋ. ನನ್ನದರಲ್ಲಿ ಇದೇ ಇರುದು. ರಿಮೋಟನ್ನು ಹ್ಯಾಂಡಲ್ ಹತ್ರ ಮಳೆ ತಾಗದ ಹಾಗೆ ಕೂರಿಸಿದ್ದೇನೆ. ಬೈಕಿನಿಂದ ಟ್ರೈಲರಿಗೆ 12 ವೋಲ್ಟಿನ ದಪ್ಪ ವೈರ್ ಒಂದು, ಅರ್ಥ್ ಒಂದು, ಮತ್ತೆ ಲೈಟಿನ ವೈರ್‌ಗಳು, ಅಷ್ಟು ಸಾಕು.

ಬೈಕಿನಲ್ಲೇ ಇಡ್ತೇನೆ ಅಂದ್ರೆ ಟೈಮ್ ಡಿಲೇ ತಗೊಂಡು ಟ್ರಂಕ್ ಒಳಗೆ ಇಡ್ಲಿಕ್ಕೆ ಆಗ್ತದೆ, ಆದ್ರೆ ಆಗ ಮ್ಯಾನ್ಯುವಲ್ ಲಿವರ್ ಕೈಗೆ ಸಿಗುದಿಲ್ಲ, ನನಗೆ ಅದು ಇಷ್ಟ ಇಲ್ಲ. ಟ್ರೈಲರ್ ಹಾವಿನ ಹಾಗೆ ಬಾಲ ಬೀಸ್ಲಿಕ್ಕೆ ಶುರು ಮಾಡಿದ್ರೆ ಬೈಕಿನ ಬ್ರೇಕ್ ಮುಟ್ಟದೆ ಟ್ರೈಲರ್ ಬ್ರೇಕ್ ಒಂದನ್ನೇ ಮೆಲ್ಲ ಹಿಡಿದ್ರೆ ಅದು ನೇರ ಆಗ್ತದೆ. ಎಲೆಕ್ಟ್ರಿಕ್ ಬ್ರೇಕಿನ ದೊಡ್ಡ ಲಾಭವೇ ಅದು. ಸರ್ಜ್ ಬ್ರೇಕ್, ಅಂದ್ರೆ ಟ್ರೈಲರ್ ಮುಂದೆ ನುಗ್ಗಿದಾಗ ಕಪ್ಲರ್ (ಹಿಚ್ ಬಾಲ್ ಮೇಲೆ ಕೂರುವ ಮೂತಿ) ಒಳಗಿನ ಪಿಸ್ಟನ್ ಒತ್ತಿ ತಾನೇ ಹಿಡಿಯುವಂಥದ್ದು, ಅದಕ್ಕೆ ಕಂಟ್ರೋಲರ್ ಬೇಡ, ಸುಲಭ, ಆದ್ರೆ ಈ ಕೆಲಸ ಅದರಿಂದ ಆಗುದಿಲ್ಲ.


ಹುಬ್ಬಳ್ಳಿ_ವೈರಿಂಗ್:

ಉಡುಪಿಯವ್ರ ಮಾತು ಒಪ್ಪಿದೆ, ಟ್ರೈಲರ್ ಮ್ಯಾಲಿನ ಕಂಟ್ರೋಲರ್ ಬೈಕಿಗೆ ಛಲೋ. ಒಂದು ಸೇರಸ್ತೀನಿ. ಬೈಕಿನ್ಯಾಗ ಇಡೂ ಕಂಟ್ರೋಲರ್‌ನ ಮ್ಯಾನ್ಯುವಲ್ ಲಿವರ್ ಒತ್ತಿದ್ರ ಭಾಳಷ್ಟು ಮಾಡೆಲ್ ಕೆಂಪು ವೈರಿನ್ಯಾಗ ವಾಪಸ್ ಕರೆಂಟ್ ಕಳಸ್ತಾವ, ಬ್ರೇಕ್ ಲೈಟ್ ಹೊತ್ತಲಿ ಅಂತ. ಅದು ಬೈಕಿನ ಸ್ಟಾಪ್ ಲೈಟ್ ವೈರಿಗೆ ನುಗ್ಗಿದ್ರ ಕ್ರೂಸ್ ಕಂಟ್ರೋಲ್ ಕಟ್ ಆಗಬಹುದು. ಹಂಗಾಗಿ ಲೈಟಿನ ಸಲುವಾಗಿ ಐಸೊಲೇಟರ್ ರಿಲೇ ಹಾಕ್ರಿ, ಬೈಕಿನ ವೈರ್ ಬರೇ ಸಿಗ್ನಲ್ ಕೊಡ್ಲಿ, ಟ್ರೈಲರ್ ಲೈಟಿನ ಕರೆಂಟ್ ಬ್ಯಾಟರಿಯಿಂದ ಬರ್ಲಿ. ಕೆಂಪು ವೈರ್ ರಿಲೇಯ ಟ್ರೈಲರ್ ಕಡೆ ಸ್ಟಾಪ್ ಔಟ್‌ಪುಟ್‌ಗೆ ಹೋಗ್ಲಿ.

ಇದನ್ನೆಲ್ಲ ಕೊಳ್ಳೂ ಮುಂಚೆ ಮೀಟರ್ ತಗೊಂಡು ಪ್ಲಗ್‌ದಾಗ ನೀಲಿ ವೈರಿಗೂ ಬಿಳಿ ವೈರಿಗೂ ನಡುವ ಓಮ್ ನೋಡ್ರಿ. ಮೀಟರಿನ ಎರಡೂ ತುದಿ ಒಂದಕ್ಕೊಂದು ಮುಟ್ಟಿಸಿ ಬರೂ ರೀಡಿಂಗ್ ಕಳೀರಿ. ಎಷ್ಟು ಬಂತು ಇಲ್ಲಿ ಬರೀರಿ. 6 ಪಿನ್ ಪ್ಲಗ್‌ದಾಗ ನಡುವಿನ ಪಿನ್ ಕೆಲವ್ರು ಬ್ರೇಕಿಗೆ ಹಾಕ್ತಾರ, ಕೆಲವ್ರು 12 ವೋಲ್ಟಿಗೆ ಹಾಕ್ತಾರ, ಹಂಗಾಗಿ ಪಿನ್ ನಂಬಬ್ಯಾಡ್ರಿ, ಪ್ಲಗ್ ಬಿಚ್ಚಿ ವೈರ್ ಎಲ್ಲಿಗೆ ಹೋಗ್ತೈತಿ ಅಂತ ಕಣ್ಣಾರೆ ನೋಡ್ರಿ.


ಪ್ಲೇನೋ_ಸವಾರ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಇಂಗ್ಲಿಷಲ್ಲೂ ಒಂದೇ ಕಡೆ ಸಿಕ್ಕಿರ್ಲಿಲ್ಲ. ಇವತ್ತು ಪ್ಲಗ್ ಬಿಚ್ಚಿ ನೋಡ್ದೆ, ನಡುವಿನ ಪಿನ್ನೇ ನೀಲಿ, ಅದು ಬ್ರೇಕ್‌ಅವೇ ಸ್ವಿಚ್ಚಿಗೂ ಹೋಗಿ ಅಲ್ಲಿಂದ ಆಕ್ಸಲ್ ಕಡೆ ಹೋಗಿದೆ. ಮೀಟರ್ ವೈರಿಂದು ಕಳೆದ್ಮೇಲೆ 3.9 ಓಮ್ ಬಂತು. ಬ್ರೇಕ್‌ಅವೇ ಬ್ಯಾಟರಿ ಪೂರ್ತಿ ಸತ್ತಿದೆ, 4 ವೋಲ್ಟ್ ತೋರಿಸ್ತಿದೆ. 3.9 ಅಂದ್ರೆ ಸರಿ ಇದೆಯಾ?


ಹುಬ್ಬಳ್ಳಿ_ವೈರಿಂಗ್:

ಇಲ್ರಿ, ಸರಿ ಇಲ್ಲ. 3.9 ಅನ್ನೂದು ಒಂದ ಮ್ಯಾಗ್ನೆಟ್ಟಿನ ಲೆಕ್ಕ. ಎರಡೂ ಪ್ಯಾರಲಲ್‌ನಾಗ ಜೋಡಿ ಇದ್ರ ಅದರರ್ಧ, ಎರಡು ಓಮಿನ ಹತ್ರ ಬರ್ಬೇಕು. ಅಂದ್ರ ನಿಮ್ಮದು ಒಂದ ಚಕ್ರ ಹಿಡೀತೈತಿ, ಇನ್ನೊಂದಕ್ಕ ಕರೆಂಟ್ ಹೋಗವಲ್ತು. ಇದು ಎರಡೂ ಹಿಡೀದೇ ಇರೂದಕ್ಕಿಂತ ಕೆಟ್ಟದ್ದು, ಬ್ರೇಕ್ ಹಾಕಿದಾಗೆಲ್ಲ ಟ್ರೈಲರ್ ಒಂದ ಕಡೆ ಜಗ್ತೈತಿ, ಮತ್ತ ಅದು ಬೈಕನ್ನ ಜಗ್ತೈತಿ.

ಮೊದಲು ಆಕ್ಸಲ್ ಉದ್ದಕ್ಕ ನೋಡ್ರಿ. ಒಂದು ಚಕ್ರದಿಂದ ಇನ್ನೊಂದಕ್ಕ ಹೋಗೂ ವೈರ್ ಆಕ್ಸಲ್ ಒಳಗ ಇಲ್ಲಾ ಮ್ಯಾಲೆ ತಿಕ್ಕಿ ಕಟ್ಟಾಗೂದು ಭಾಳ ಸಾಮಾನ್ಯ. ಬ್ಯಾಕಿಂಗ್ ಪ್ಲೇಟ್ (ಬ್ರೇಕ್ ಸಾಮಾನು ಕುಂತಿರೂ ತಗಡು) ಹಿಂದ ಎರಡು ವೈರ್ ಹೊರಗ ಬರ್ತಾವ, ಅಲ್ಲಿ ಒಂದೊಂದ ಚಕ್ರದ್ದು ಬ್ಯಾರೆ ಬ್ಯಾರೆ ಬಿಚ್ಚಿ ಅಳೀರಿ. ಒಂದು 3.9 ತೋರಿಸಿ ಇನ್ನೊಂದೂ ಅಷ್ಟ ತೋರಿಸಿದ್ರ ಮ್ಯಾಗ್ನೆಟ್ ಛಲೋ ಅದಾವ, ವೈರ್ ಕಟ್ಟಾಗೇತಿ. ಏನೂ ತೋರಿಸ್ಲಿಲ್ಲಂದ್ರ ಮ್ಯಾಗ್ನೆಟ್ ಒಳಗಿನ ಕಾಯಿಲ್ ಹೋಗೇತಿ. ಇನ್ನ ಮ್ಯಾಗ್ನೆಟ್ ವೈರಿಗೂ ಪ್ಲೇಟಿಗೂ ನಡುವ ಅಳೀರಿ, ಅಲ್ಲಿ ಏನೂ ತೋರಿಸಬಾರ್ದು, ತೋರಿಸಿದ್ರ ಒಳಗ ಶಾರ್ಟ್.

ಡ್ರಮ್ ತೆಗೆದಾಗ ಮ್ಯಾಗ್ನೆಟ್ ಮುಖ ನೋಡ್ರಿ, ಸಪಾಟ ಸವೆದಿರಬೇಕು. ಒಂದ ಅಂಚು ಸವೆದಿದ್ರ ಹಾಕೂದಾದ್ರ ಎರಡೂ ಕಡೆ ಹೊಸಾದು. ಬೇರಿಂಗ್‌ದಿಂದ ಗ್ರೀಸ್ ಶೂ (ಡ್ರಮ್ಮಿಗೆ ಒತ್ತೂ ಬ್ರೇಕ್ ಪಟ್ಟಿ) ಮ್ಯಾಲೆ ಬಂದಿದ್ರ ಶೂ ತೊಳ್ದು ಉಪಯೋಗ ಇಲ್ಲ, ಅದೂ ಜೋಡಿಲೇ ಬದಲಸ್ರಿ. ಜೋಡಿಸಿದ ಮ್ಯಾಲೆ ಸ್ಟಾರ್ ವೀಲ್ (ಶೂ ಬಿಗಿ ಸಡಿಲ ಮಾಡೂ ಹಲ್ಲಿನ ಗಾಲಿ) ತಿರುವಿ ಚಕ್ರ ತಿರುಗದಂಗ ಬಿಗಿ ಮಾಡಿ, ಆಮ್ಯಾಗ ಹತ್ತು ಹಲ್ಲು ಹಿಂದಕ್ಕ ಬಿಡ್ರಿ, ಚಕ್ರ ಸ್ವಲ್ಪೇ ಸ್ವಲ್ಪ ತಿಕ್ಕಿಕೊಂಡು ಆರಾಮ ತಿರುಗಬೇಕು. ಕೈ ತಿರುವಿದಾಗ ಎರಡೂ ಕಡೆ ಒಂದ ನಮೂನಿ ಇರ್ಲಿ.

ಬ್ರೇಕ್‌ಅವೇ ಬ್ಯಾಟರಿ ಹೊಸಾದು ಹಾಕ್ರಿ, ಅದಕ್ಕ ಚಾರ್ಜ್ ಆಗಾಕ ಬೈಕಿನಿಂದ 12 ವೋಲ್ಟ್ ಲೈನ್ ಬೇಕು. ಬ್ರೇಕ್‌ಅವೇ ಪಿನ್ ಜಗ್ಗಿ ಟೆಸ್ಟ್ ಮಾಡೂ ಮುಂಚೆ ಬೈಕಿನ ಪ್ಲಗ್ ಕಿತ್ತಿಡ್ರಿ, ಇಲ್ಲಂದ್ರ ಆ ಕರೆಂಟ್ ಕಂಟ್ರೋಲರ್ ಔಟ್‌ಪುಟ್ಟಿಗೆ ಹಿಂದಿನಿಂದ ಹೊಕ್ಕು ಅದನ್ನ ಸುಡಬಹುದು. ಬ್ರೇಕ್‌ಅವೇ ಪಿನ್ನಿನ ಕೇಬಲ್ ತುದಿ ಹಿಚ್ಚಿನ ಗಟ್ಟಿ ಭಾಗಕ್ಕ ಕಟ್ರಿ, ಬಾಲ್‌ಗೂ ಅಲ್ಲ ಚೈನಿಗೂ ಅಲ್ಲ. ಬೈಕ್ ಪೂರ್ತಿ ತಿರುಗಿ ವಾಲಿದಾಗ ಪಿನ್ ಎಳೀದಷ್ಟು ಸಡಿಲ ಇರ್ಲಿ. ರಸ್ತಿ ಮ್ಯಾಲೆ ಸುಮ್ಮ ಸುಮ್ಮನ ಪಿನ್ ಬಿತ್ತು ಅಂದ್ರ ಎರಡೂ ಚಕ್ರ ಪೂರ್ತಿ ಹಿಡೀತಾವ.


ಪ್ಲೇನೋ_ಸವಾರ:

ಸಿಕ್ತು! ಎರಡೂ ಮ್ಯಾಗ್ನೆಟ್ ಚೆನ್ನಾಗಿವೆ, ಆಕ್ಸಲ್ ಮೇಲೆ ಬಲಗಡೆ ಚಕ್ರಕ್ಕೆ ಹೋಗೋ ವೈರ್ ಕ್ಲಿಪ್ ಕೆಳಗೆ ತುಂಡಾಗಿತ್ತು, ಹೊರಗಿಂದ ನೋಡಿದ್ರೆ ಗೊತ್ತೇ ಆಗ್ತಿರ್ಲಿಲ್ಲ. ಹೊಸ ವೈರ್ ಎಳೆದು ಲಗ್ ಕ್ರಿಂಪ್ ಮಾಡಿ ಸ್ಲೀವ್ ಹಾಕಿದೀನಿ, ಈಗ 2 ಓಮ್ ತೋರಿಸ್ತಿದೆ. ಕಂಟ್ರೋಲರ್ ಟ್ರೈಲರ್ ಮೇಲೆ ಕೂರೋದೇ ತಗೋತೀನಿ ಅಂತ ತೀರ್ಮಾನ ಮಾಡ್ದೆ. ಹಾಸನದ ಅಣ್ಣ ಹೇಳಿದ ಹಾಗೆ ಕೂಲರೂ ಕುರ್ಚಿಗಳೂ ಮನೇಲೇ ಉಳೀತವೆ. ಇನ್ನು ಎರಡೇ ಪ್ರಶ್ನೆ, ಕಂಟ್ರೋಲರ್ ಪವರ್ ಎಷ್ಟಕ್ಕೆ ಇಡ್ಬೇಕು, ಮತ್ತೆ 6 ಪಿನ್ ಪ್ಲಗ್ಗೇ ಇಟ್ಕೊಳ್ಳಾ ಅಥವಾ 7 ಪಿನ್ ಹಾಕ್ಲಾ?


ಹಾಸನ_ಹೈವೇ:

ಪವರ್ ಬಗ್ಗೆ ನಾನು ಹೇಳ್ತೀನಿ, ನನ್ನ ಭಯ ಇರೋದೇ ಅಲ್ಲಿ. ಆ 7 ಇಂಚಿನ ಬ್ರೇಕ್ ಮಾಡಿರೋದು 2,000 ಪೌಂಡಿನ ಆಕ್ಸಲ್‌ಗೆ, ನಿಮ್ಮ ಟ್ರೈಲರ್ ಅದರ ಕಾಲು ಭಾಗ. ಅಂದ್ರೆ ಕಾರಿನವ್ರು ಇಡೋ ಮಟ್ಟಕ್ಕೆ ಇಟ್ರೆ ಚಕ್ರ ತಕ್ಷಣ ಲಾಕ್ ಆಗುತ್ತೆ. ಖಾಲಿ ಪಾರ್ಕಿಂಗ್ ಲಾಟಲ್ಲಿ ನೇರವಾಗಿ 25 ಮೈಲಿ ಸ್ಪೀಡಲ್ಲಿ ಹೋಗ್ತಾ ಮ್ಯಾನ್ಯುವಲ್ ಬಟನ್ ಒತ್ತಿ, ತೀರಾ ಕಡಿಮೆಯಿಂದ ಶುರು ಮಾಡಿ ಒಂದೊಂದೇ ಮಟ್ಟ ಏರಿಸಿ. ನಿಮ್ಮ ಹೆಂಡ್ತಿ ಪಕ್ಕದಲ್ಲಿ ನಿಂತು ಚಕ್ರ ನೋಡ್ಲಿ. ಲಾಕ್ ಆಗೋ ಮಟ್ಟ ಸಿಕ್ಕಿದ್ಮೇಲೆ ಅದಕ್ಕಿಂತ ಸಾಕಷ್ಟು ಕೆಳಗಿಡಿ, ಲಾಕ್ ಆಗೋ ಅಂಚಲ್ಲಿ ಇಡೋದು ಕಾರಿನವ್ರ ಲೆಕ್ಕ. ಟ್ರೈಲರ್ ತನ್ನ ತೂಕ ತಾನು ಹಿಡ್ಕೊಂಡ್ರೆ ಸಾಕು, ಬೈಕನ್ನ ನಿಲ್ಲಿಸೋದು ಅದರ ಕೆಲಸ ಅಲ್ಲ. ಸಾಮಾನು ತುಂಬಿದಾಗ ಒಂದು ಸಲ, ಖಾಲಿ ಇದ್ದಾಗ ಒಂದು ಸಲ ನೋಡಿ ಎರಡೂ ಬರ್ದಿಟ್ಕೊಳ್ಳಿ. ಮಳೆ ಬಂದ್ರೆ ಇನ್ನೂ ಇಳಿಸಿ. ಇಷ್ಟು ಮಾಡಿದ್ರೆ ಬ್ರೇಕ್ ಇರ್ಲಿ ಅಂತ ನಾನೂ ಒಪ್ತೀನಿ.


ಉಡುಪಿ_ಪೆನ್ಸಿಲ್ವೇನಿಯಾ:

7 ಪಿನ್ ಹಾಕಿ. ಅದರಲ್ಲಿ ಯಾವ ಪಿನ್ ಯಾವುದಕ್ಕೆ ಅಂತ ಗೊಂದಲ ಇಲ್ಲ, ಬ್ರೇಕಿಗೆ ಬೇರೆ, 12 ವೋಲ್ಟಿಗೆ ಬೇರೆ ಜಾಗ ಉಂಟು, ಆರ್‌ಎಫ್ ಡಬ್ಬಿಯೂ 7 ಪಿನ್ನಿನ ವೈರಿನೊಟ್ಟಿಗೇ ಬರ್ತದೆ. ಸಾಕೆಟ್ ಸ್ವಲ್ಪ ದೊಡ್ಡದು, ಹಿಚ್ಚಿನ ಪಕ್ಕ ಬಿಗಿಯಾಗಿ ಕೂರಿಸಿ ಮುಚ್ಚಳ ಕೆಳಮುಖವಾಗಿ ಇರ್ಲಿ, ನೀರು ನಿಲ್ಲಬಾರ್ದು. ಬೈಕಿನಿಂದ ಟ್ರೈಲರಿಗೆ ಹೋಗುವ ಕೇಬಲ್ ನೆಲಕ್ಕೆ ಉಜ್ಜದ ಹಾಗೆ, ಎರಡೂ ಕಡೆ ಪೂರ್ತಿ ವಾಲಿದ್ರೂ ಎಳೆಯದ ಹಾಗೆ ಬಿಡಿ, ಮತ್ತೆ ಸೈಲೆನ್ಸರಿನಿಂದ ದೂರ.


ಹುಬ್ಬಳ್ಳಿ_ವೈರಿಂಗ್:

ಹೊರಡೂ ಮುಂಚೆ ಶೂ ಡ್ರಮ್ಮಿಗೆ ಕುಂದ್ರಬೇಕು. ಖಾಲಿ ರಸ್ತೆದಾಗ 40 ಮೈಲಿಯಿಂದ 20ಕ್ಕ ಟ್ರೈಲರ್ ಬ್ರೇಕಿನಿಂದನ ಇಳಸ್ರಿ, ಇಪ್ಪತ್ತು ಸಲ, ನಡುವ ತಣ್ಣಗಾಗಾಕ ಬಿಡ್ರಿ. ಅದಾದ ಮ್ಯಾಲೆ ಬ್ರೇಕ್ ಮೊದಲಿಗಿಂತ ಗಟ್ಟಿ ಹಿಡೀತಾವ, ಹಂಗಾಗಿ ಹಾಸನದವ್ರು ಹೇಳಿದ ಸೆಟ್ಟಿಂಗ್ ಮತ್ತೊಮ್ಮೆ ನೋಡ್ರಿ, ಸ್ಟಾರ್ ವೀಲೂ ಮತ್ತೊಮ್ಮೆ ನೋಡ್ರಿ. ದಾರ್ಯಾಗ ಮೊದಲ ಪೆಟ್ರೋಲ್ ಬಂಕಿನ್ಯಾಗ ಎರಡೂ ಹಬ್ ಹತ್ರ ಕೈ ಹಿಡ್ದು ನೋಡ್ರಿ, ಒಂದು ಬಿಸಿ ಒಂದು ತಣ್ಣಗ ಇದ್ರ ಬಿಸಿ ಇದ್ದದ್ದು ಬಿಗಿ ಆಗೇತಿ ಅಥವಾ ತಣ್ಣಗಿದ್ದದ್ದು ಹಿಡೀವಲ್ತು. ಅಲ್ಲೇ ಜ್ಯಾಕ್ ಹಾಕಿ ಚಕ್ರ ತಿರುವಿ ನೋಡ್ರಿ, ರಟೋನ್ ತನಕ ತಡೀಬ್ಯಾಡ್ರಿ.